ಮಳಖೇಡದ ಕೋಟೆಯಲ್ಲಿ ಮಾವಿನ ಹಣ್ಣಿನ ಲೆಕ್ಕ

ಕಲಬುರಗಿಯಿಂದ ಸೇಡಂ ಬಸ್ಸು ಹತ್ತಿ ಸುಮಾರು 40 ಕಿಲೋಮೀಟರ್ ಸಾಗಿದರೆ ಮಳಖೇಡ ಬರುತ್ತದೆ. ದಸರಾ ರಜೆಯಲ್ಲಿ ಹೋದರೆ ರಸ್ತೆಯ ಎರಡೂ ಬದಿ ಎದೆಮಟ್ಟ ಬೆಳೆದ ತೊಗರಿ. ನಡುನಡುವೆ ಸುಣ್ಣದ ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಯ ಚಿಮಣಿ, ಮೈಯೆಲ್ಲ ಬೂದಿ ಬಣ್ಣದ ಧೂಳು ಮೆತ್ತಿಕೊಂಡ ಲಾರಿಗಳು. ಬಸ್ಸಿಳಿದ ಕೂಡಲೇ 'ಇದೇನಾ ರಾಷ್ಟ್ರಕೂಟರ ಮಾನ್ಯಖೇಟ?' ಅಂತ ಅನುಮಾನ ಬರುತ್ತದೆ. 972ರಲ್ಲಿ ಮಾಳವದ ಪರಮಾರ ರಾಜ ಸೀಯಕ ಈ ರಾಜಧಾನಿಯನ್ನು ಲೂಟಿ ಮಾಡಿದ ಮೇಲೆ ಊರಿಗೆ ಹಳೆಯ ಕಳೆ ಮತ್ತೆ ಬರಲೇ ಇಲ್ಲ. ಈಗ ಉಳಿದಿರುವುದು ಒಂದು ಕೋಟೆ, ಒಂದು ಬಸದಿ, ಒಂದು ಮಠ, ಕೋಟೆಯೊಳಗೊಂದು ದರ್ಗಾ, ಪಕ್ಕದಲ್ಲೇ ಹರಿಯುವ ಕಾಗಿಣಾ ನದಿ.

ಮಳಖೇಡ ಅಂದರೆ ನಮಗೆಲ್ಲ ಥಟ್ಟನೆ ನೆನಪಾಗುವುದು ಅಮೋಘವರ್ಷ ನೃಪತುಂಗ ಮತ್ತು 'ಕವಿರಾಜಮಾರ್ಗ'. ಕನ್ನಡದಲ್ಲಿ ಸಿಕ್ಕಿರುವ ಮೊದಲ ಗ್ರಂಥ ಅದು. ಆದರೆ ಅದೇ ರಾಜನ ಕಾಲದಲ್ಲಿ, ಸುಮಾರು 850ರ ಹೊತ್ತಿಗೆ, ಇನ್ನೊಂದು ಪುಸ್ತಕವೂ ಹುಟ್ಟಿತು. ಮಹಾವೀರಾಚಾರ್ಯರ 'ಗಣಿತಸಾರಸಂಗ್ರಹ'. ಇವರು ತೀರ್ಥಂಕರ ಮಹಾವೀರರಲ್ಲ, ಜೈನ ಗಣಿತಜ್ಞರು. ಪುಸ್ತಕದ ಶುರುವಿನಲ್ಲೇ ಅಮೋಘವರ್ಷನನ್ನು ಹೊಗಳಿದ್ದಾರೆ. ಸಂಸ್ಕೃತದಲ್ಲಿದೆ, ಎಲ್ಲವೂ ಪದ್ಯ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದ ಜೊತೆ ಅಚ್ಚು ಹಾಕಿಸಿದರು; ಆಮೇಲೆ ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜ ಜೈನ ಮಠದಿಂದ ಬಂತು. ಗಣಿತ ಅಂದರೆ ಸೂತ್ರಗಳ ಮೂಟೆ ಅಂದುಕೊಂಡು ತೆರೆದರೆ ಒಳಗೆ ಮಾವಿನ ಹಣ್ಣು, ಮುತ್ತಿನ ಹಾರ, ಒಂಟೆ, ನವಿಲು, ದಾರಿಯಲ್ಲಿ ಬಿದ್ದಿರುವ ದುಡ್ಡಿನ ಚೀಲ! ನಮ್ಮ ಅಜ್ಜಿಯರು ಊಟವಾದ ಮೇಲೆ ಜಗಲಿಯಲ್ಲಿ ಕೂತು ಕೇಳುತ್ತಿದ್ದ ಲೆಕ್ಕದ ಒಗಟುಗಳ ಹಾಗೇ ಇವೆ.

ನನ್ನ ಜೊತೆ ಬಂದವಳು ಅಕ್ಕನ ಮಗಳು. ಭಾವನ ಕೆಲಸದಿಂದಾಗಿ ಅವರು ಕಲಬುರಗಿಗೆ ಬಂದು ಎಂಟು ವರ್ಷವಾಯಿತು. ಹುಡುಗಿಯ ಮಾತು ಅರ್ಧ ನಮ್ಮ ಕಡೆಯದು, ಅರ್ಧ ಆ ಕಡೆಯದು. ಏಳನೇ ತರಗತಿ. ಚಿತ್ರ ಬರೆಯುತ್ತಾಳೆ, ಕಥೆ ಓದುತ್ತಾಳೆ, ಲೆಕ್ಕ ಅಂದರೆ ಮುಖ ಬಾಡುತ್ತದೆ. ಟ್ಯೂಷನ್ನಿನಲ್ಲಿ ಒಬ್ಬರು ಎಲ್ಲರ ಎದುರು 'ಇವಳ ತಲಿಗೆ ಲೆಕ್ಕ ಹತ್ತಂಗಿಲ್ಲ' ಅಂದರಂತೆ. ಅವತ್ತಿನಿಂದ ಗಣಿತದ ಪರೀಕ್ಷೆಯ ಬೆಳಿಗ್ಗೆ ಹೊಟ್ಟೆನೋವು. ಡಾಕ್ಟರು ನೋಡಿ ಹೊಟ್ಟೆಯಲ್ಲಿ ಏನೂ ಇಲ್ಲ ಅಂದಿದ್ದಾರೆ. 'ಹತ್ತನೇ ತರಗತಿ ಮುಗಿದ ದಿನವೇ ಗಣಿತದ ಪುಸ್ತಕ ರದ್ದಿಗೆ ಹಾಕ್ತೀನಿ' ಅಂತ ಅವಳು ಆಗಲೇ ನಿರ್ಧಾರ ಮಾಡಿಬಿಟ್ಟಿದ್ದಳು. ಅಕ್ಕನಿಗೆ ಇದೇ ಚಿಂತೆ. ನಾನು ಪಾಠ ಹೇಳಿಕೊಡುವ ಪೈಕಿ ಅಲ್ಲ. ಕೋಟೆ ನೋಡಿ ಬರೋಣ ಬಾ ಅಂತ ಕರೆದೆ, ಅಷ್ಟೇ.

ಕೋಟೆಯ ಬಾಗಿಲು ದಾಟಿ ಒಳಗೆ ಹೋದರೆ ಬುರುಜು, ಮುರಿದ ಗೋಡೆ, ನಡುವೆ ಮುಳ್ಳುಗಿಡ. ಈಚಿನ ವರ್ಷಗಳಲ್ಲಿ ಕೆಲವು ಭಾಗ ದುರಸ್ತಿಯಾಗಿದೆ. ಮೇಲೆ ಹತ್ತಿದರೆ ಕಾಗಿಣಾ ಕಾಣುತ್ತದೆ, ಮಳೆ ಮುಗಿದ ಹೊಸತರಲ್ಲಿ ಕೆನ್ನೀರು. ಬಿಸಿಲು ಮಾತ್ರ ದಸರೆಯಲ್ಲೂ ಚುರುಕೇ. ಟೋಪಿ, ನೀರಿನ ಬಾಟಲಿ ಮರೆಯಬೇಡಿ. ಬೇಸಿಗೆಯಲ್ಲಂತೂ ಹೋಗುವ ಯೋಚನೆಯೇ ಬೇಡ. ರೈಲಿನಲ್ಲಿ ಬರುವವರಿಗೆ ವಾಡಿ-ಸಿಕಂದರಾಬಾದ್ ಮಾರ್ಗದಲ್ಲಿ ಮಳಖೇಡ ರೋಡ್ ಅಂತ ನಿಲ್ದಾಣವಿದೆ, ಎಲ್ಲ ರೈಲೂ ನಿಲ್ಲುವುದಿಲ್ಲ. ನನ್ನ ಕೇಳಿದರೆ ಬಸ್ಸೇ ವಾಸಿ.

ಬುರುಜಿನ ನೆರಳಲ್ಲಿ ಕೂತು ನೃಪತುಂಗನ ಕಥೆ ಹೇಳಿದೆ. ಹುಡುಗನಾಗಿದ್ದಾಗಲೇ, 814ರಲ್ಲಿ ಪಟ್ಟಕ್ಕೆ ಬಂದವನು 878ರವರೆಗೂ ಆಳಿದ. ನಾಡಿಗೆ ಬಂದ ಕಷ್ಟ ತೊಲಗಲಿ ಅಂತ ಮಹಾಲಕ್ಷ್ಮಿಗೆ ಎಡಗೈಯ ಬೆರಳನ್ನೇ ಕತ್ತರಿಸಿ ಅರ್ಪಿಸಿದ ಅಂತ ಸಂಜಾನ್ ತಾಮ್ರಶಾಸನ ಹೇಳುತ್ತದೆ. ಹುಡುಗಿ ತನ್ನ ಬೆರಳುಗಳನ್ನೇ ನೋಡಿಕೊಂಡಳು. ಲೆಕ್ಕ ಮಾಡುವಾಗ ಬೆಂಚಿನ ಕೆಳಗೆ ಕದ್ದು ಬೆರಳು ಎಣಿಸುವವಳು ಅವಳು.

"ಹಂಗಾದ್ರ ರಾಜ ಬೆರಳ ಎಣಿಸೋವಾಗ ಒಂಬತ್ತಕ್ಕೇ ನಿಲ್ಲಿಸ್ತಿದ್ದನಾ ಚಿಕ್ಕಮ್ಮ?"

ಇಬ್ಬರೂ ನಕ್ಕೆವು. ಇದೇ ಸಮಯ ಅಂತ ಮಾವಿನ ಹಣ್ಣಿನ ಒಗಟು ತೆಗೆದೆ. ಮಹಾವೀರಾಚಾರ್ಯರದೇ. ಒಂದು ರಾಶಿ ಮಾವಿನ ಹಣ್ಣು ಇದೆ. ರಾಜ ಆರರಲ್ಲಿ ಒಂದು ಪಾಲು ತೆಗೆದುಕೊಂಡ. ಉಳಿದದ್ದರಲ್ಲಿ ಐದನೇ ಒಂದು ಪಾಲು ರಾಣಿಗೆ. ಆಮೇಲೆ ಮೂವರು ರಾಜಕುಮಾರರು ಒಬ್ಬರಾದ ಮೇಲೊಬ್ಬರು ಬಂದು, ಆಗಾಗ ಉಳಿದದ್ದರಲ್ಲಿ ನಾಲ್ಕನೇ ಒಂದು, ಮೂರನೇ ಒಂದು, ಅರ್ಧ ತೆಗೆದುಕೊಂಡರು. ಎಲ್ಲರಿಗಿಂತ ಚಿಕ್ಕ ಮಗುವಿಗೆ ಉಳಿದದ್ದು 3 ಹಣ್ಣು. ಮೊದಲು ಎಷ್ಟಿದ್ದವು?

ಭಿನ್ನರಾಶಿ ಕಿವಿಗೆ ಬಿದ್ದದ್ದೇ ಹುಡುಗಿ ಸೆಟೆದು ಕೂತಳು. ಆದರೂ ಚೀಲದಿಂದ ನೋಟ್‌ಬುಕ್ ತೆಗೆದು ಶಾಲೆಯಲ್ಲಿ ಕಲಿಸಿದ ಹಾಗೆ ಎಲ್ಲವನ್ನೂ ಕೂಡಿಸಿದಳು. ಛೇದ 60, ಮೇಲೆ 87. ಪುಸ್ತಕ ಮುಚ್ಚಿ, "ನನಗ ಬರಂಗಿಲ್ಲ ಅಂತ ಹೇಳಿಲ್ಲೇನು?" ಅಂದಳು.

ಕೂಡಿದ್ದು ಸರಿಯಾಗೇ ಇತ್ತು. ಅದನ್ನೇ ಹೇಳಿದೆ. 60 ಪಾಲು ಹಣ್ಣಿನಲ್ಲಿ 87 ಪಾಲು ಹಂಚಿದ್ದಾರೆ ಅಂದರೆ ಅಂಗಡಿಯಿಂದ ಇನ್ನಷ್ಟು ತರಿಸಿರಬೇಕು, ಅಲ್ವಾ? ಅವಳು ಮತ್ತೆ ಒಗಟು ಹೇಳಿಸಿಕೊಂಡಳು. ಎರಡನೇ ಸಲ 'ಉಳಿದದ್ದರಲ್ಲಿ' ಅನ್ನುವ ಪದ ಕಿವಿಗೆ ಬಿತ್ತು. ಈ ಜಾತಿಯ ಲೆಕ್ಕಕ್ಕೆ ಪುಸ್ತಕದಲ್ಲಿ 'ಶೇಷ' ಅಂತಲೇ ಹೆಸರಿದೆ. ಕೂಡುವುದು ಕಳೆಯುವುದಕ್ಕಿಂತ ಮೊದಲು ವಾಕ್ಯವನ್ನು ನೆಟ್ಟಗೆ ಕೇಳಿಸಿಕೊಳ್ಳಬೇಕು. ಕಥೆ ಓದುವ ಮಕ್ಕಳಿಗೆ ಅದು ಚೆನ್ನಾಗಿಯೇ ಬರುತ್ತದೆ.

ಸುತ್ತ ಸುಣ್ಣಕಲ್ಲಿನ ಚೂರುಗಳಿಗೇನು ಬರವೇ? ಮಗುವಿನ ಮೂರು ಹಣ್ಣು ಅಂತ 3 ಕಲ್ಲು ಇಟ್ಟೆವು. ಕೊನೆಯ ರಾಜಕುಮಾರ ಅರ್ಧ ತೆಗೆದುಕೊಂಡ ಮೇಲೆ ಉಳಿದದ್ದು ಇಷ್ಟು, ಹಾಗಾದರೆ ಅವನಿಗೂ 3, ಒಟ್ಟು 6. ಅದಕ್ಕೂ ಮೊದಲಿನವನು ಮೂರರಲ್ಲಿ ಒಂದು ತೆಗೆದುಕೊಂಡಿದ್ದಾನೆ, ಉಳಿದ ಎರಡು ಪಾಲು 6, ಅಂದರೆ ಅವನದೂ 3. ಅಲ್ಲಿಂದ ಮುಂದೆ ನಾನು ಮಾತಾಡಲಿಲ್ಲ. ಹುಡುಗಿ ಮೂರು ಮೂರು ಕಲ್ಲು ಇಡುತ್ತಾ ಹೋದಳು. 9, 12, 15, 18.

"ಅಯ್ಯ, ಎಲ್ಲಾರಿಗೂ ಮೂರೇ! ಇದಕ್ಯಾಕ ಆರನೇ ಒಂದು, ಐದನೇ ಒಂದು ಅಂತ ಇಷ್ಟು ಗದ್ದಲ?"

ಇದೇ ಒಗಟಿನ ಸೊಗಸು. ರಾಜನಿಗೂ ಮೂರು, ಎಲ್ಲರಿಗಿಂತ ಚಿಕ್ಕ ಕೂಸಿಗೂ ಮೂರು. ಕೇಳುವಾಗ ದೊಡ್ಡವರಿಗೆ ಒಂದು ಪಾಲು, ಚಿಕ್ಕವರಿಗೆ ಇನ್ನೊಂದು ಪಾಲು ಅನ್ನಿಸುತ್ತದೆ, ಬಿಡಿಸಿದ ಮೇಲೆ ಸಮಪಾಲು. ಮನೆಯಲ್ಲಿ ಚಕ್ಕುಲಿ ಹಂಚುವಾಗ ಮಕ್ಕಳ ಮೇಲೆ ಇದನ್ನು ಪ್ರಯೋಗ ಮಾಡಿ ನೋಡಿ, ಗಲಾಟೆ ಗ್ಯಾರಂಟಿ.

ಬಿಡಿಸಿದ ಉಪಾಯ ಕೈಗೆ ಹತ್ತಿದೆಯೋ ಇಲ್ಲವೋ ನೋಡೋಣ ಅಂತ ನಮ್ಮಜ್ಜಿ ಕೇಳುತ್ತಿದ್ದ ಹೂವಿನ ಲೆಕ್ಕ ಕೇಳಿದೆ. ಮೂರು ಗುಡಿ, ಪ್ರತಿ ಗುಡಿಯ ಮುಂದೊಂದು ಕೊಳ. ಕೊಳದಲ್ಲಿ ಹೂವು ಅದ್ದಿದರೆ ಎರಡರಷ್ಟಾಗುತ್ತವೆ. ಭಕ್ತ ಪ್ರತಿ ಸಲ ಹೂವು ಅದ್ದಿ, ಮೂರೂ ದೇವರಿಗೆ ಒಂದೇ ಸಮನಾಗಿ ಏರಿಸಿದ. ಕೊನೆಗೆ ಕೈಯಲ್ಲಿ ಒಂದೂ ಉಳಿಯಲಿಲ್ಲ. ಎಷ್ಟು ತಂದಿದ್ದ, ಎಷ್ಟೆಷ್ಟು ಏರಿಸಿದ? ಕೋಟೆಯಿಂದ ಬಸದಿಗೆ ನಡೆಯುವ ದಾರಿಯಲ್ಲಿ ಅವಳು ಬಾಯಲ್ಲೇ ಗುನುಗಿಕೊಂಡು ಹಿಂದಿನಿಂದ ಮುಂದಕ್ಕೆ ಬಂದಳು. ಬಸದಿಯ ಮೆಟ್ಟಿಲ ಹತ್ತಿರ ಬಂದಾಗ ಉತ್ತರ ಬಂತು: ತಂದದ್ದು 7, ಏರಿಸಿದ್ದು 8.

ನೇಮಿನಾಥ ಬಸದಿ ಹೊರಗಿನಿಂದ ಅಂಥ ದೊಡ್ಡದೇನಲ್ಲ. ಕಂಬಗಳ ಕಪ್ಪು ನುಣುಪು ನೋಡುತ್ತ ಒಳಗೆ ಹೋದರೆ ಪಂಚಲೋಹದ ಒಂದು ಪುಟ್ಟ ಮಂದಿರವಿದೆ, ಅದರ ಮೈತುಂಬ 96 ಬಿಂಬಗಳು. ಬೆಳಕು ಕಡಿಮೆ, ತಾಳ್ಮೆಯಿಂದ ನೋಡಬೇಕು. ತೀರ್ಥಂಕರರು 24 ಜನ ಅಂತ ನಾನು ಹೇಳಿದ್ದಷ್ಟೇ, "96 ಅಂದ್ರ ನಾಲ್ಕು 24" ಅಂತ ಅವಳ ಬಾಯಿಂದ ಬಂತು. ಬೆರಳು ಆಡಿಸಲಿಲ್ಲ. ನಾನೂ ಗಮನಿಸದ ಹಾಗೆ ಇದ್ದುಬಿಟ್ಟೆ.

ಮಧ್ಯಾಹ್ನ ಕಾಗಿಣಾ ದಂಡೆಗೆ ಹೋದೆವು. ಮಾಧ್ವರಿಗೆ ಈ ದಂಡೆ ಟೀಕಾಚಾರ್ಯರ ಕ್ಷೇತ್ರ. ಉತ್ತರಾದಿ ಮಠಕ್ಕೆ ದೂರದೂರದಿಂದ ಜನ ಬರುತ್ತಾರೆ. ಮರದ ನೆರಳಲ್ಲಿ ಕೂತು ಜೋಳದ ರೊಟ್ಟಿ, ಶೇಂಗಾ ಚಟ್ನಿ, ಬದನೆಕಾಯಿ ಪಲ್ಯದ ಬುತ್ತಿ ಬಿಚ್ಚಿದೆವು.

ಊಟ ಮಾಡುತ್ತ ಮೊಬೈಲ್ ಅವಳ ಕೈಗೆ ಕೊಟ್ಟೆ. ಆಟ ಆಡೋದಕ್ಕೆ ಅಂದುಕೊಂಡಳು. ಆಟವೇ, ಆದರೆ ಕ್ಯಾಲ್ಕುಲೇಟರಿನಲ್ಲಿ. 139ನ್ನು 109ರಿಂದ ಗುಣಿಸು ಅಂದೆ. 15151. ಹಿಂದಿನಿಂದ ಓದಿದರೂ ಅದೇ! 152207 ಗುಣಿಸು 73: ಎಂಟು ಒಂದುಗಳು, 11111111. 27994681 ಗುಣಿಸು 441: 12345654321. ಮಹಾವೀರಾಚಾರ್ಯರು ಇಂಥವನ್ನು ಕೊರಳಿನ ಹಾರ ಅಂತ ಕರೆದಿದ್ದಾರೆ, ಎರಡೂ ಕಡೆಯಿಂದ ನೋಡಿದರೆ ಒಂದೇ ಥರ ಮಣಿ ಪೋಣಿಸಿದಂತೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಇದನ್ನು ಹುಡುಕಲು ಎಷ್ಟು ದಿನ ಕೂತಿದ್ದರೋ ಪುಣ್ಯಾತ್ಮರು!

ಅವಳಿಗೆ ಬಹಳ ಹಿಡಿಸಿದ್ದು 12345679. ಇದರಲ್ಲಿ 8 ಇಲ್ಲ, ಗಮನಿಸಿ. 9ರಿಂದ ಗುಣಿಸಿದರೆ ಒಂಬತ್ತು ಒಂದುಗಳು. ನಿಮಗೆ ಇಷ್ಟವಾದ ಅಂಕಿ 5 ಅಂದುಕೊಳ್ಳಿ, ಐದೊಂಬತ್ಲೆ 45, ಆ 45ರಿಂದ ಗುಣಿಸಿದರೆ ಬರೀ ಐದುಗಳ ಸಾಲು. ಒಂಬತ್ತರ ಮಗ್ಗಿ ಬಾಯಿಪಾಠ ಮಾಡು ಅಂದರೆ ಮೂತಿ ತಿರುಗಿಸುವ ಮಕ್ಕಳು ಇದಕ್ಕಾಗಿ ತಾವೇ ಹೇಳಿಕೊಳ್ಳುತ್ತಾರೆ. ನಮ್ಮವಳು 1ರಿಂದ 9ರವರೆಗೂ ಮಾಡಿ ನೋಡಿದಳು, ಕೊನೆಗೆ ಮೊಬೈಲ್ ಕೆಳಗಿಟ್ಟು ಮರಳಿನ ಮೇಲೆ ಕಡ್ಡಿಯಿಂದ ಗುಣಿಸತೊಡಗಿದಳು. ಒಂಬತ್ತೊಂಬತ್ಲೆ 81, ಒಂದು ಇಟ್ಟು ಎಂಟು ಕೈಯಲ್ಲಿ. ಏಳೊಂಬತ್ಲೆ 63, ಎಂಟು ಸೇರಿ 71, ಮತ್ತೆ ಒಂದು! 8 ಯಾಕೆ ಇರಬಾರದು ಅನ್ನೋದು ಅಲ್ಲೇ ಅವಳಿಗೆ ಹೊಳೆಯಿತು.

ಇದೇ ಪುಸ್ತಕದಲ್ಲಿ ಒಂದು ಎಡವಟ್ಟೂ ಇದೆ. ಯಾವುದೇ ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಹಾಗೇ ಉಳಿಯುತ್ತದೆ ಅಂತ ಆಚಾರ್ಯರು ಬರೆದಿದ್ದಾರೆ. ಇವತ್ತಿನ ಗಣಿತ ಅದನ್ನು ಒಪ್ಪುವುದಿಲ್ಲ. ಅದೇ ಮನುಷ್ಯ ಋಣಸಂಖ್ಯೆಗೆ ವರ್ಗಮೂಲ ಇಲ್ಲ ಅಂತ ಅಷ್ಟು ಹಿಂದೆಯೇ ಸ್ಪಷ್ಟವಾಗಿ ಗುರುತಿಸಿದ್ದರು. ಹುಡುಗಿಗೆ ಋಣಸಂಖ್ಯೆಯ ಮಾತು ಬೇಕಾಗಿರಲಿಲ್ಲ. "ಅವರಿಗೂ ತಪ್ಪಾಗಿತ್ತಾ? ಆದ್ರೂ ಪುಸ್ತಕ ಇಟ್ಟುಕೊಂಡಾರಾ?" ಅಂತ ಎರಡು ಸಲ ಕೇಳಿದಳು. ಇಟ್ಟುಕೊಂಡಿದ್ದಾರೆ, ಸಾವಿರ ವರ್ಷಕ್ಕೂ ಮೇಲಾಯಿತು ಅಂದೆ.

ಕೆಲವು ಒಗಟುಗಳನ್ನು ಮಕ್ಕಳಿಗೆ ಹೇಳುವಾಗ ಸ್ವಲ್ಪ ತೊಳೆದು ಹೇಳಬೇಕಾಗುತ್ತದೆ. ಗಂಡ ಹೆಂಡತಿಯ ಸರಸದ ಜಗಳದಲ್ಲಿ ಮುತ್ತಿನ ಹಾರ ಹರಿದು ಚೆಲ್ಲಾಪಿಲ್ಲಿಯಾಗುವ ಲೆಕ್ಕವೊಂದಿದೆ. ಉತ್ತರ 148608 ಮುತ್ತು. ಅಷ್ಟು ಮುತ್ತಿನ ಹಾರ ಹಾಕಿಕೊಂಡು ಆಕೆ ಜಗಳವಾಡಿದ್ದೇ ದೊಡ್ಡದು! ನಾನು ಅದನ್ನು ಬಿಟ್ಟು ಮೂವರು ವ್ಯಾಪಾರಿಗಳ ಒಗಟು ಹೇಳಿದೆ. ದಾರಿಯಲ್ಲಿ ಒಂದು ಹಣದ ಚೀಲ ಕಂಡಿತು. ಮೊದಲನೆಯವನು, 'ಇದು ನನಗೆ ಸಿಕ್ಕರೆ ನಿಮ್ಮಿಬ್ಬರ ಹಣ ಸೇರಿಸಿದರೂ ನನ್ನದು ಅದರ ಎರಡರಷ್ಟಾಗುತ್ತದೆ' ಅಂದ. ಎರಡನೆಯವನು ತನಗೆ ಸಿಕ್ಕರೆ ಮೂರರಷ್ಟು ಅಂದ. ಮೂರನೆಯವನು ಐದರಷ್ಟು ಅಂದ. ಚೀಲದಲ್ಲಿ ಎಷ್ಟಿತ್ತು, ಒಬ್ಬೊಬ್ಬರ ಹತ್ತಿರ ಎಷ್ಟಿತ್ತು? ಚಿಕ್ಕ ಉತ್ತರ ಇದು: ಚೀಲದಲ್ಲಿ 15, ವ್ಯಾಪಾರಿಗಳ ಹತ್ತಿರ 1, 3, 5. ಸರಿಯೋ ತಪ್ಪೋ ಮೂರು ಸಲ ಪರೀಕ್ಷಿಸಿ ನೋಡಬಹುದು, ಮೇಷ್ಟರು ಟಿಕ್ ಹಾಕುವವರೆಗೆ ಕಾಯಬೇಕಿಲ್ಲ. ಒಗಟುಗಳಲ್ಲಿ ನನಗೆ ಇಷ್ಟವಾಗುವುದೇ ಇದು.

ಸಂಜೆ ಬಸ್ಸಿಗೆ ಕಾಯುವಾಗ ರಸ್ತೆ ಬದಿ ಒಬ್ಬ ಅಜ್ಜಿ ಸೀತಾಫಲ, ಪೇರಲ ಹಣ್ಣು ಗುಡ್ಡೆ ಹಾಕಿಕೊಂಡು ಕೂತಿದ್ದರು. ಹಣ್ಣು ಆರಿಸುತ್ತ ನಾನು ಹುಡುಗಿಗೆ ಇನ್ನೊಂದು ಲೆಕ್ಕ ಹಾಕಿದೆ. ಪುಸ್ತಕದಲ್ಲಿ ಇರುವುದು ಮಾದಲ ಹಣ್ಣು, ಬೇಲದ ಹಣ್ಣು. ನಾನು ಎದುರಿಗಿದ್ದದ್ದನ್ನೇ ಇಟ್ಟೆ. ಒಬ್ಬ ಗಿರಾಕಿ 9 ಸೀತಾಫಲ, 7 ಪೇರಲ ತೆಗೆದುಕೊಂಡು 107 ರೂಪಾಯಿ ಕೊಟ್ಟ. ಇನ್ನೊಬ್ಬ 7 ಸೀತಾಫಲ, 9 ಪೇರಲ ತೆಗೆದುಕೊಂಡು 101 ಕೊಟ್ಟ. ಒಂದೊಂದರ ಬೆಲೆ ಎಷ್ಟು?

ಹುಡುಗಿ ಯೋಚಿಸುತ್ತಿದ್ದಳು. ಅಜ್ಜಿ ತಕ್ಕಡಿ ಕೆಳಗಿಟ್ಟು, "ಎರಡೂ ಗಿರಾಕಿದು ಕೂಡಿಸವ್ವ" ಅಂದರು. "ಹದಿನಾರು ಇದು, ಹದಿನಾರು ಅದು, ರೊಕ್ಕ ಇನ್ನೂರ ಎಂಟು. ಒಂದ್ ಜೋಡಿಗಿ ಹದಿಮೂರು ಬಿತ್ತು, ಹೌದಿಲ್ಲೋ?"

ನಾನು ಬೆರಗಾಗಿ ನೋಡಿದೆ. ಅಜ್ಜಿ ಅಷ್ಟಕ್ಕೇ ನಿಲ್ಲಿಸಿ ಬೇರೆ ಗಿರಾಕಿಯ ಕಡೆ ತಿರುಗಿದರು. 13ನ್ನು ಎರಡು ಹಣ್ಣಿಗೆ ಹಂಚುವುದು ಹೇಗೆ? ಹುಡುಗಿ ಒಂದು ಕೈಯಲ್ಲಿ ಸೀತಾಫಲ, ಇನ್ನೊಂದು ಕೈಯಲ್ಲಿ ಪೇರಲ ಹಿಡಿದುಕೊಂಡು ನಿಂತಳು. ಎರಡನೇ ಗಿರಾಕಿ ಎರಡು ಸೀತಾಫಲ ವಾಪಸ್ ಇಟ್ಟು ಎರಡು ಪೇರಲ ಎತ್ತಿಕೊಂಡ ಅನ್ನು, ಅವನಿಗೆ 6 ರೂಪಾಯಿ ಉಳಿಯಿತು. ಒಂದರ ಬದಲಿಗೆ ಒಂದು ಇಟ್ಟರೆ 3. ಇದೆಲ್ಲ ಅವಳು ಗಟ್ಟಿಯಾಗಿಯೇ ಹೇಳಿಕೊಂಡಳು. "ಸೀತಾಫಲ ಎಂಟು, ಪೇರಲ ಐದು!"

"ಶಾಣ್ಯಾಕಿ ಇದ್ದಿ" ಅಂದರು ಅಜ್ಜಿ, ತಿರುಗಿ ನೋಡದೆ. "ಆದ್ರ ಆ ಧಾರಣಿಗಿ ನಾ ಕೊಡಂಗಿಲ್ಲ ನೋಡು."

"ನೀವ್ ಎಷ್ಟನೇತ್ತ ಓದೀರಿ ಅಜ್ಜಿ?"

"ಸಾಲಿ ಕಟ್ಟಿ ಹತ್ತಿಲ್ಲವ್ವ ನಾ."

ಓದದೆಯೂ ಕಾವ್ಯದಲ್ಲಿ ಪಳಗಿದ ಜನ ಅಂತ 'ಕವಿರಾಜಮಾರ್ಗ' ಈ ನಾಡಿನವರನ್ನು ಹೊಗಳಿದೆ. ಲೆಕ್ಕದ ಮಾತು ಅದರಲ್ಲಿಲ್ಲ.

ಬಸ್ಸಿನಲ್ಲಿ ಕೂರಲು ಜಾಗ ಸಿಕ್ಕಿತು. ಕೊನೆಯದಾಗಿ ಹಕ್ಕಿಗಳ ಲೆಕ್ಕ ಕೊಟ್ಟೆ. ನಿಮಗೂ ಕೊಡುತ್ತಿದ್ದೇನೆ, ಪೆನ್ನು ತೆಗೆದುಕೊಳ್ಳಿ. ಪಾರಿವಾಳ 3 ಪಣಕ್ಕೆ 5, ಸಾರಸ 5 ಪಣಕ್ಕೆ 7, ಹಂಸ 7 ಪಣಕ್ಕೆ 9, ನವಿಲು 9 ಪಣಕ್ಕೆ 3. ರಾಜಕುಮಾರನ ಆಟಕ್ಕೆ 100 ಪಣಕ್ಕೆ ಸರಿಯಾಗಿ 100 ಹಕ್ಕಿ ತರಬೇಕು. ನಾಲ್ಕೂ ಜಾತಿ ಇರಲೇಬೇಕು, ಗುಂಪು ಒಡೆದು ಬಿಡಿಯಾಗಿ ಕೊಳ್ಳುವ ಹಾಗಿಲ್ಲ. ಕಲಬುರಗಿ ಬಂದರೂ ಅವಳಿಗೆ ಆಗಲಿಲ್ಲ. ಸಿಟ್ಟೂ ಮಾಡಿಕೊಳ್ಳಲಿಲ್ಲ, ಹಾಳೆ ಮಡಚಿ ಚೀಲದಲ್ಲಿ ಇಟ್ಟುಕೊಂಡಳು.

ನಾನು ಊರಿಗೆ ಬಂದ ಮೂರನೇ ದಿನ ಫೋನು. ಪಾರಿವಾಳ 15, ಸಾರಸ 28, ಹಂಸ 45, ನವಿಲು 12. ಕೂಡಿಸಿ ನೋಡಿದೆ, ಹಕ್ಕಿಯೂ ನೂರು, ಪಣವೂ ನೂರು. ನಾಲ್ಕು ದಿನ ಬಿಟ್ಟು ಮತ್ತೆ ಫೋನು, ಈ ಸಲ ಧ್ವನಿಯಲ್ಲಿ ಗಾಬರಿ. "ಚಿಕ್ಕಮ್ಮ, ಇನ್ನೊಂದು ಉತ್ತರ ಬಂತು. ಪಾರಿವಾಳ 20, ಸಾರಸ 14, ಹಂಸ 54, ನವಿಲು 12. ಎರಡ್ರಾಗ ಯಾವುದು ತಪ್ಪು?"

ಎರಡೂ ಸರಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಒಂದೇ ಲೆಕ್ಕಕ್ಕೆ ಎರಡು ಸರಿ ಉತ್ತರ ಇರಬಹುದು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ. ಒಟ್ಟು ಆರು ಇವೆ ಅಂತ ತಿಳಿಸಿ ಫೋನಿಟ್ಟೆ.

ಕಳೆದ ವಾರ ಅಕ್ಕ ಹೇಳಿದಳು: ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯೆಲ್ಲ ಹಕ್ಕಿಗಳ ಚಿತ್ರ, ಪಕ್ಕದಲ್ಲಿ ಸಂಖ್ಯೆ. ನಾಲ್ಕು ಉತ್ತರ ಸಿಕ್ಕಿವೆ. ಇನ್ನೆರಡನ್ನು ಯಾರೂ ಹೇಳಕೂಡದು ಅಂತ ತಾಕೀತಾಗಿದೆ, ಆದ್ದರಿಂದ ನಾನೂ ಇಲ್ಲಿ ಬರೆಯುವಂತಿಲ್ಲ. ನವಿಲು 15 ಇಟ್ಟು ಒಮ್ಮೆ ನೋಡಿ.